ಅರಿವು ಮತ್ತು ಕಾಯಕ

ಆಸ್ಪತ್ರೆಯ ನೆಲ ತೊಳೆಯುವವರಿಗೆ ಅಕ್ಷರವೇಕೆಂದು ಕೇಳುವವರುಂಟು. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳನ್ನು ಗೊತ್ತುಪಡಿಸಿವೆ. ಬಣ್ಣ ಬಲ್ಲವರಿಗೆ ಓದು ಬೇಡವೆಂಬುದು ಅವರ ವಾದ. ಬಳಸಿದ ಸೂಜಿ ಬಿಳಿಯ ಡಬ್ಬಕ್ಕೆ ಸೇರಬೇಕೆಂಬುದನ್ನು ಬಣ್ಣ ಹೇಳೀತು. ಅದು ಚುಚ್ಚಿದರೆ ಹೆಪಟೈಟಿಸ್ ಬಿ ತಗಲಬಹುದೆಂಬುದನ್ನು ಹೇಳದು. ಕ್ರಿಮಿನಾಶಕಕ್ಕೆ ಎಷ್ಟು ನೀರು ಬೆರೆಸಬೇಕೆಂಬುದು ಸೀಸೆಯ ಚೀಟಿಯಲ್ಲಿರುವುದು.

ಕೆಲಸಕ್ಕೆ ಸೇರುವಾಗಲೂ, ಅನಂತರ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕೆಂದು ಅದೇ ನಿಯಮಗಳು ವಿಧಿಸುತ್ತವೆ. ಓದಲಾರದವರು ತರಬೇತಿಯ ದಫ್ತರಕ್ಕೆ ಹೆಬ್ಬೆಟ್ಟೊತ್ತಿದ ಮಾತ್ರಕ್ಕೆ ವಿಧಿ ಪೂರೈಸೀತು, ಅರಿವು ಮೂಡದು. ಅರಿಯದೆ ಮಾಡಿದ್ದು ಹೊರೆ. ಅರಿತು ಮಾಡಿದ್ದು ಕಾಯಕ.

ಅವರು ಶುಚಿಗೊಳಿಸಿದ ನೆಲದ ಮೇಲೆಯೇ ನಾವು ಗುಣಹೊಂದುತ್ತೇವೆ. ದುಡಿಮೆಯ ವೇಳೆಯಲ್ಲಿಯೇ, ಸಂಬಳ ಮುರಿಯದೆ, ಅವರ ನುಡಿಯಲ್ಲಿಯೇ ಕಲಿಸುವುದನ್ನು ನಾವು ತೀರಿಸಬೇಕಾದ ಋಣವೆಂದೇ ತಿಳಿಯೋಣ.