ಗೆಳೆಯನ ಮನೆಯ ತಾಟು

ಶಾಲೆ ಬಿಟ್ಟ ಮೇಲೆ ಮಕ್ಕಳು ಗೆಳೆಯರ ಮನೆಗೆ ಆಡಲು ಹೋಗುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಆಟದ ನಡುವೆ ಊಟದ ಹೊತ್ತಾದರೆ ಬಂದ ಮಗುವಿನ ಮುಂದೆ ತಾಟು ಇಡಬೇಕೆ, ಇಟ್ಟರೆ ಆ ಮಗು ಉಣ್ಣಬೇಕೆ ಎಂಬುದು ನೋಡಲು ಸಣ್ಣ ಪ್ರಶ್ನೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮಗೆ ಇದು ಅಷ್ಟು ಸಣ್ಣದಲ್ಲ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡದ ಮನೆ, ಮರಾಠಿಯ ಮನೆ, ತೆಲುಗು ಮಾತಾಡುವ ನೇಕಾರರ ಮನೆ, ದಖನಿ ಉರ್ದುವಿನ ಮನೆ ಸಾಲಾಗಿ ನಿಂತಿರುವುದುಂಟು. ಮಕ್ಕಳಿಗೆ ಈ ಹೊಸ್ತಿಲುಗಳ ನಡುವೆ ಅಂತರ ಕಾಣುವುದಿಲ್ಲ. ಅದನ್ನು ಅವರು ಮೊದಲು ಅರಿಯುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ.

ಮನೆಗೊಂದು ಪದ್ಧತಿ. ಕೆಲವು ಮನೆಗಳಲ್ಲಿ ಬಂದ ಮಗುವನ್ನು ಕೇಳುವುದೇ ಇಲ್ಲ. "ಬಾರಪ್ಪ, ಕೈ ತೊಳಕೊ" ಎಂದು ಕರೆದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿಬಿಡುತ್ತಾರೆ. ಇನ್ನು ಕೆಲವು ಮನೆಗಳ ತಾಯಂದಿರು ಮಗುವನ್ನು ಕಳಿಸುವಾಗಲೇ "ಯಾರ ಮನ್ಯಾಗೂ ಉಣಬ್ಯಾಡ, ಹೊತ್ತಿಗೆ ಸರಿಯಾಗಿ ಮನಿಗೆ ಬಾ" ಎಂದು ಕಟ್ಟಪ್ಪಣೆ ಮಾಡಿರುತ್ತಾರೆ. ಈ ಎರಡನೆಯ ಮಾತಿನ ಹಿಂದೆ ಹಲವು ಕಾರಣಗಳಿರಬಹುದು. ಆ ಮನೆಯವರು ಎಣಿಸಿ ಮಾಡಿದ ರೊಟ್ಟಿಯಲ್ಲಿ ನಮ್ಮ ಮಗು ಪಾಲು ಪಡೆಯಬಾರದೆಂಬ ಸಂಕೋಚ. ಮಗುವನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದಳೆಂಬ ಮಾತು ಬರಬಾರದೆಂಬ ಅಭಿಮಾನ. ಮಾಂಸಾಹಾರ ಒಲ್ಲದ ಮನೆತನದ ನಡೆ. ಹಲಾಲ್ ಅಲ್ಲದ್ದನ್ನು ತಿನ್ನಬಾರದೆಂಬ ನಿಯಮ. ಶೇಂಗಾ ಮೈಗೆ ಆಗದ ಮಗುವಿನ ತಾಯಿಯ ಭಯ. ಇವೆಲ್ಲ ಗೌರವಕ್ಕೆ ಅರ್ಹವಾದ ಕಾರಣಗಳೇ.

ಇಂಥ ಭೇದ ನಮ್ಮಲ್ಲಿ ಮಾತ್ರ ಇರುವುದೆಂದಲ್ಲ. 2022ರಲ್ಲಿ ದೂರದ ಸ್ವೀಡನ್ ದೇಶದ ಒಂದು ರೂಢಿ ಜಗತ್ತಿನಾದ್ಯಂತ ಚರ್ಚೆಗೆ ಬಂತು. ಅಲ್ಲಿಯ ಅನೇಕ ಮನೆಗಳಲ್ಲಿ, ಮನೆಯವರು ರಾತ್ರಿಯ ಊಟಕ್ಕೆ ಕುಳಿತಾಗ ಆಡಲು ಬಂದ ಮಗು ಬೇರೆ ಕೋಣೆಯಲ್ಲಿ ಕಾಯುತ್ತಿತ್ತು. ಕೇಳಿದೊಡನೆ ನಮಗಿದು ನಿಷ್ಠುರವೆನಿಸುತ್ತದೆ. ಆದರೆ ಆ ದೇಶದ ಹಲವರು ಕೊಟ್ಟ ವಿವರಣೆ ಬೇರೆ: ಮಗುವಿನ ಮನೆಯಲ್ಲಿಯೂ ಅಡುಗೆ ಸಿದ್ಧವಾಗಿರುತ್ತದೆ; ಕೇಳದೆ ಉಣಿಸಿ ಕಳಿಸಿದರೆ ಆ ತಂದೆತಾಯಿಯರ ಏರ್ಪಾಡನ್ನು ಕೆಡಿಸಿದಂತೆ. ಬಡಿಸುವುದೂ ಬಡಿಸದಿರುವುದೂ ಮರ್ಯಾದೆಯ ಹೆಸರಿನಲ್ಲಿಯೇ ನಡೆಯುವುದಾದರೆ, ಯಾವುದು ಸರಿ ಎಂದು ಅಳೆಯುವುದು ಹೇಗೆ?

ನಮಗೆ ತೋರುವ ಅಳತೆ ಇದು: ಆ ನಿಯಮದ ಕಾರಣವನ್ನು ಗೆಳೆಯನ ಎದುರಿಗೆ, ಅವನ ತಾಯಿಯ ಎದುರಿಗೆ ಮಗು ಬಾಯಿಬಿಟ್ಟು ಹೇಳಬಲ್ಲುದೆ? "ಕಾಕೂ, ನಾವು ತತ್ತಿ ತಿನ್ನಂಗಿಲ್ರಿ", "ನಮ್ಮ ಅವ್ವ ಅಡಗಿ ಮಾಡಿ ದಾರಿ ನೋಡ್ತಿರ್ತಾಳ್ರಿ" ಎಂದರೆ ಯಾರ ಮನಸ್ಸೂ ನೋಯದು. "ನಿಮ್ಮ ಜಾತಿಯವರ ಮನೆಯಲ್ಲಿ ನೀರು ಕುಡಿಯಬಾರದಂತೆ" ಎಂದು ಹೇಳಲಾಗದು. ಹಿಂದೆ ಅದನ್ನು ಎದುರಿಗೇ ಹೇಳಿದವರಿದ್ದರು, ನಿಜ; ಆದುದರಿಂದ ಕೇಳಿದವನು ತಲೆ ತಗ್ಗಿಸದೆ ಕೇಳುವಂತಿರಬೇಕು ಎಂಬುದೂ ಈ ಅಳತೆಗೆ ಸೇರಬೇಕು. ಇಂದು ಹೇಳಲಾಗದ್ದರಿಂದ ಮಗು ಸುಳ್ಳು ಕಲಿಯುತ್ತದೆ: ಹಸಿವಿಲ್ಲ, ಹೊಟ್ಟೆನೋವು, ಈಗ ತಾನೇ ಉಂಡೆ. ಹಿರಿಯರು ಹೇಳಲಂಜುವ ಮಾತಿನ ಭಾರವನ್ನು ಎಂಟು ವರ್ಷದ ಮಗು ಹೊರಬೇಕಾಗುತ್ತದೆ. ಎದುರಿನ ಮಗುವಾದರೋ ಆ ಸುಳ್ಳಿನ ಅರ್ಥವನ್ನು ಬಹುಬೇಗ ತಿಳಿದುಕೊಳ್ಳುತ್ತದೆ. ಬಂದ ಗೆಳೆಯನಿಗೆಂದು ಬೇರೆ ತಾಟು, ಬೇರೆ ಲೋಟ ತೆಗೆದಿಡುವ ಮನೆಯೂ ಈ ಅಳತೆಗೆ ನಿಲ್ಲದು.

ಈ ವಿಚಾರ ನಮ್ಮ ನೆಲಕ್ಕೆ ಹೊಸತಲ್ಲ. ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ನಿಯಮವೆಂದೇ ಬಗೆದರು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿದ ಮೇಲೆ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣಲು ನೆರೆಹೊರೆಯವರನ್ನೆಲ್ಲ ಕರೆಯುವ ರೂಢಿ ನಮ್ಮದು. ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಅಲ್ಲಿ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಖಿಚಡಿ ಉಣ್ಣುತ್ತಾರೆ. ಹೊಲದಲ್ಲಿ, ಶಾಲೆಯಲ್ಲಿ ಜೊತೆಗೆ ಉಂಡವರು ಹೊಸ್ತಿಲ ಒಳಗೆ ಏಕೆ ಉಣ್ಣಬಾರದೆಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು.

ಬಡಿಸುವವರಿಗೂ ಒಂದು ಧರ್ಮವಿದೆ. ಒತ್ತಾಯವನ್ನೇ ಪ್ರೀತಿಯೆಂದು ತಿಳಿಯುವುದು ನಮ್ಮ ಕಡೆಯ ದೌರ್ಬಲ್ಯ. ರೋಜಾ ಹಿಡಿದ ಮಗುವಿಗೆ, ಶ್ರಾವಣ ಸೋಮವಾರದ ಉಪವಾಸವಿರುವ ಮಗುವಿಗೆ "ಒಂದು ತುತ್ತು ತಿಂದ್ರ ಏನಾಗ್ತದ?" ಎನ್ನುವುದು ಆತಿಥ್ಯವಲ್ಲ. ಕೇಳಿ ಬಡಿಸಬೇಕು, ಸಂದೇಹವಿದ್ದರೆ ಆ ಮಗುವಿನ ತಾಯಿಗೆ ಫೋನ್ ಮಾಡಿ ವಿಚಾರಿಸಬೇಕು, ಒಲ್ಲೆನೆಂದರೆ ಮುಖ ಸಣ್ಣದು ಮಾಡದೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಬೇಕು.

ಗಡಿಯಲ್ಲಿ ಬದುಕುವ ನಮಗೆ ಇದರಲ್ಲಿ ಹೆಚ್ಚಿನ ಹೊಣೆಯಿದೆ. ನಮ್ಮ ಎಷ್ಟೋ ಮಕ್ಕಳು ಮರಾಠಿಯನ್ನು ಪಾಠಪುಸ್ತಕಕ್ಕಿಂತ ಮೊದಲು ಕಲಿತದ್ದು ನೆರೆಮನೆಯ ಅಡುಗೆಮನೆಯಲ್ಲಿ. ನೆರೆಯ ಮಕ್ಕಳ ಬಾಯಿಗೆ ನಾಲ್ಕು ಕನ್ನಡ ಮಾತು ಬಂದದ್ದೂ ನಮ್ಮ ಪಡಸಾಲೆಯ ಊಟದಲ್ಲಿಯೇ. ಆದುದರಿಂದ ಮಗುವನ್ನು ಕಳಿಸುವಾಗ ನಿಯಮದ ಜೊತೆಗೆ ಅದರ ಕಾರಣವನ್ನೂ ಹೇಳೋಣ. ಕಾರಣ ಹೇಳಲು ನಮಗೇ ನಾಲಿಗೆ ತಡವರಿಸಿದರೆ ಆ ನಿಯಮವನ್ನು ಮಗುವಿನ ಮೇಲೆ ಹೊರಿಸದಿರೋಣ.