ಕನಸು ನೆನಪಾದಾಗ

ಕನಸಿನಲ್ಲಿ ಕಂಡದ್ದನ್ನು ನಡೆದದ್ದೆಂದು ನೆನಪಿಟ್ಟುಕೊಳ್ಳುವುದು ತಪ್ಪೇ? ಈ ಪ್ರಶ್ನೆ ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿದೆ.

2020ರ ಏಪ್ರಿಲ್‌ನಲ್ಲಿ ಊರಿನಲ್ಲಿ ಅಪ್ಪ ತೀರಿಕೊಂಡರು. ಕುವೈತಿನ ಪ್ರಯಾಣಿಕರ ವಿಮಾನ ಸಂಚಾರ ಮಾರ್ಚ್‌ನಲ್ಲೇ ನಿಂತಿತ್ತು. ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ನಮ್ಮ ಸಬ್ಹಾನ್‌ನಲ್ಲಿ ಸದಾ ಕೇಳುವ ಸದ್ದೂ ಆಗ ಇರಲಿಲ್ಲ. ಅಣ್ಣ ಅಗ್ನಿಸ್ಪರ್ಶ ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದೆ.

ಆಮೇಲೆ ಒಂದು ಕನಸು ಮತ್ತೆ ಮತ್ತೆ ಬೀಳತೊಡಗಿತು. ಅಪ್ಪ ಜಗಲಿಯಲ್ಲಿ ಮಲಗಿದ್ದಾರೆ, ನಾನು ತುಳಸಿ ನೀರನ್ನು ಅವರ ಬಾಯಿಗೆ ಬಿಡುತ್ತಿದ್ದೇನೆ. ಇತ್ತೀಚೆಗೆ ಮಗಳು "ಅಜ್ಜ ಹೋಗುವಾಗ ಹತ್ತಿರ ಯಾರಿದ್ದರು?" ಎಂದಳು. "ನಾನೇ ಇದ್ದೆ, ನೀರು ಬಿಟ್ಟೆ" ಎಂದುಬಿಟ್ಟೆ. ಅದು ಸುಳ್ಳೆಂದು ನನಗೆ ಅನ್ನಿಸಲೇ ಇಲ್ಲ. ಹೆಂಡತಿ ಸುಮ್ಮನೆ ನನ್ನ ಮುಖ ನೋಡಿದಳು.

ನಮ್ಮ ಹಿರಿಯರು ಕನಸನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಕೇವಲ 12 ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ರೆಗಳನ್ನು ಪರೀಕ್ಷಿಸಿಯೇ ಆತ್ಮವನ್ನು ತೋರಿಸುತ್ತದೆ. ಹೊಳೆನರಸೀಪುರದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು (1880-1975) ಈ ಅವಸ್ಥಾತ್ರಯ ವಿಚಾರವನ್ನು ಕನ್ನಡದಲ್ಲಿ ವಿಸ್ತಾರವಾಗಿ ಬರೆದರು.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕನಸನ್ನು ಸ್ಮೃತಿ ಎಂದೂ ಎಚ್ಚರದ ಅರಿವನ್ನು ಉಪಲಬ್ಧಿ ಎಂದೂ ಬೇರೆ ಮಾಡುತ್ತಾರೆ. ಅವರು ಕೊಡುವ ಉದಾಹರಣೆ ಮನಮುಟ್ಟುವಂಥದ್ದು: ಪ್ರೀತಿಯ ಮಗನನ್ನು ನೆನೆಯುವ ತಂದೆಗೆ ಮಗ ಎದುರಿಗಿಲ್ಲವೆಂದು ಗೊತ್ತು, ಕಾಣಬೇಕೆಂಬ ಆಸೆಯೂ ಉಂಟು. ನನ್ನ ವಿಷಯದಲ್ಲಿ ಮಗನೇ ತಂದೆಯನ್ನು ನೆನೆದ, ಎದುರಿಗಿಲ್ಲವೆಂಬುದನ್ನು ಮಾತ್ರ ಮರೆತ.

ಉಡುಪಿಯ ಮಧ್ವಾಚಾರ್ಯರದು ಬೇರೆ ನಿಲುವು. ಮನಸ್ಸಿನ ವಾಸನೆಗಳಿಂದ ಈಶ್ವರನೇ ಕನಸನ್ನು ಸೃಷ್ಟಿಸುತ್ತಾನೆ, ಆದ್ದರಿಂದ ಅದೂ ಸತ್ಯವೇ. ಅದನ್ನು ಎಚ್ಚರದ ವಸ್ತುವೆಂದು ತಿಳಿಯುವುದಷ್ಟೇ ಭ್ರಮೆ.

ವಿಜ್ಞಾನವೂ ನಿದ್ರೆಗೂ ನೆನಪಿಗೂ ನಂಟು ಕಂಡಿದೆ. ಇಲಿ ಓಡಾಡುವಾಗ ಒಟ್ಟಿಗೆ ಮಿಡಿದ ಮಿದುಳಿನ ಕೋಶಗಳು ಅದು ನಿದ್ರಿಸುವಾಗಲೂ ಒಟ್ಟಿಗೆ ಮಿಡಿಯುತ್ತವೆಂದು ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ನೆನಪು ಬರೀ ಓದುವ ಫೈಲ್ ಅಲ್ಲ. ತೆರೆದಾಗಲೆಲ್ಲ ಸ್ವಲ್ಪ ತಿದ್ದುಪಡಿಯಾಗಿ ಮತ್ತೆ ಸೇವ್ ಆಗಬಹುದು.

ಹಾಗಾದರೆ ನನ್ನದು ತಪ್ಪಲ್ಲವೇ? ಕನಸು ಬಿದ್ದದ್ದು ತಪ್ಪಲ್ಲ, ಅದು ನನ್ನ ಹಿಡಿತದಲ್ಲಿಲ್ಲ. ನೆನಪು ಬೆರೆತದ್ದೂ ಬೇಕೆಂದು ಮಾಡಿದ್ದಲ್ಲ. ಆದರೆ ತಿಳಿದ ಮೇಲೂ ತಿದ್ದದೆ ಬಿಟ್ಟರೆ ಅದು ಸುಳ್ಳೇ. ಅಪ್ಪನ ಹತ್ತಿರ ನಿಜವಾಗಿ ಕೂತಿದ್ದ ಅಣ್ಣನ ಜಾಗವನ್ನು ನಾನು ಕಸಿದುಕೊಂಡಂತೆ.

ಆ ರಾತ್ರಿಯೇ ಮಗಳಿಗೆ ಹೇಳಿದೆ: "ನೀರು ಬಿಟ್ಟದ್ದು ದೊಡ್ಡಪ್ಪ, ಪುಟ್ಟಿ. ನಾನು ಬಿಟ್ಟದ್ದು ಕನಸಿನಲ್ಲಿ." ಅವಳು ಸ್ವಲ್ಪ ಯೋಚಿಸಿ, "ಕನಸಿನಲ್ಲಿ ಅಜ್ಜ ಕುಡಿದರಾ?" ಎಂದಳು. "ಕುಡಿದರು" ಎಂದೆ. ಆ ಮಾತು ಸುಳ್ಳಲ್ಲ.

ಫೋನಿನಲ್ಲೇ ಹಿರಿಯರನ್ನು ಬೀಳ್ಕೊಟ್ಟವರು ನಮ್ಮಲ್ಲಿ ಇನ್ನೂ ಇದ್ದಾರೆ. ನಿಮಗೂ ಇಂಥ ಕನಸು ಬಿದ್ದರೆ ದೂಡಬೇಡಿ, ಪ್ರಸಾದದಂತೆ ಸ್ವೀಕರಿಸಿ. ಎದ್ದ ಮೇಲೆ ಅದನ್ನು ಕನಸೆಂದೇ ಕರೆಯಿರಿ.