ಹರಿಚಿತ್ತವೆಂಬ ಮಾತು

ಸೇವೆಗೆ ಬರುವಿರಾ ಎಂದು ಕೇಳಿದರೆ “ನೋಡೋಣ” ಎನ್ನುತ್ತೇವೆ. ಒಪ್ಪಿ ತಪ್ಪಿದ ಮೇಲೆ “ಕೂಡಿ ಬರಲಿಲ್ಲ” ಎನ್ನುತ್ತೇವೆ. ಇವು ಲೋಕರೂಢಿಯ ಮಾತುಗಳು. ನಮ್ಮ ಮನೆಗಳಲ್ಲಿ ಇನ್ನೊಂದುಂಟು: “ಹರಿಚಿತ್ತ.” ಶ್ರಾವಣ ಬಹುಳ ದ್ವಿತೀಯೆ, ಶ್ರೀರಾಯರ ಮಧ್ಯಾರಾಧನೆಯಂದು ಬಡಿಸುವೆವೆಂದು ಮಾತು ಕೊಟ್ಟು ಮನೆಯಲ್ಲಿಯೇ ಉಳಿದ ನಾವೂ ಹಾಗೆಯೇ ಹೇಳಿದೆವು. ಅಂದು ಎಂಬತ್ತು ದಾಟಿದ ಹಿರಿಯರೊಬ್ಬರು ಮಡಿಯುಟ್ಟು, ಕೊನೆಯ ಪಂಕ್ತಿಯವರೆಗೂ ಸಾರಿನ ಪಾತ್ರೆ ಹೊತ್ತರೆಂದು ಬಳಿಕ ತಿಳಿಯಿತು.

ಶ್ರೀಹರಿಯೊಬ್ಬನೇ ಸ್ವತಂತ್ರನೆಂಬುದು ಸಿದ್ಧಾಂತ. ಆದರೆ ಜೀವನು ಕರ್ತನೇ ಅಲ್ಲವೆಂಬುದನ್ನು ಶ್ರೀಮದಾಚಾರ್ಯರು ಒಪ್ಪಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಚಾರ ಬಂದಿದೆ: ಜೀವನಿಗೆ ಕರ್ತೃತ್ವವುಂಟು, ಅದು ಪರಮಾತ್ಮನ ಅಧೀನ. ಕರ್ತೃತ್ವವೇ ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗೆ? ಏಕಾದಶಿಯ ಉಪವಾಸವಾದರೂ ಯಾರಿಗೆ? ಅಧೀನನಾದವನಿಗೆ ಹೊಣೆಯಿಲ್ಲವೆಂದು ಇದರಿಂದ ಸಿದ್ಧಿಸುವುದಿಲ್ಲ.

ಅದಕ್ಕೂ ಹಿಂದಿನ ವರ್ಷ ಮೂರು ದಿನವೂ ಬಡಿಸಿದ್ದೆವು. ಅದನ್ನು ಹರಿಚಿತ್ತವೆಂದು ಯಾರ ಮುಂದಾದರೂ ಹೇಳಿದ್ದುಂಟೇ? ನಾವೇ ಬಡಿಸಿದೆವೆಂದು ಬೀಗಿದ್ದೆವು! ಬಿಟ್ಟ ದಿನಕ್ಕೆ ಮಾತ್ರ ಶ್ರೀಹರಿಯ ಹೆಸರು ನೆನಪಾಯಿತು.

ಆರಾಧನೆಯ ಸೇವಾಪಟ್ಟಿಯಲ್ಲಿ ಆ ಹಿರಿಯರ ಹೆಸರು ಈ ಸಲವೂ ಇದೆ. ಅದರ ಕೆಳಗೆ ನಮ್ಮದನ್ನೂ ಬರೆಸಿದ್ದೇವೆ.